ಬ್ರಿಜ್ ಕ್ಲಬ್‌ನಲ್ಲಿ ವಿವಾದ, ತೀರ್ಪು, ಮೇಲ್ಮನವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಬ್‌ನ ಆಟದ ದಿನಗಳಲ್ಲಿ ಡೈರೆಕ್ಟರ್ (ಆಟ ನಡೆಸಿ ತೀರ್ಪು ಕೊಡುವವರು) ಆಗಿ ನಿಲ್ಲುವವರನ್ನು ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವೆಲ್ಲ ಡೂಪ್ಲಿಕೇಟ್ ಬ್ರಿಜ್‌ಗೆ, ಅಂದರೆ ಒಂದೇ ಎಲೆ ಹಂಚಿಕೆಯನ್ನು ಹಲವು ಮೇಜುಗಳಲ್ಲಿ ಆಡಿ ಅಂಕ ಹೋಲಿಸುವ ಆಟಕ್ಕೆ, ಸಂಬಂಧಿಸಿದವು. ಮನೆಯಲ್ಲಿ ನಾಲ್ವರು ಕೂತು ಆಡುವ ರಬ್ಬರ್ ಬ್ರಿಜ್‌ನ ನಿಯಮಗಳು ಬೇರೆ. ಅಲ್ಲಿ ಡೈರೆಕ್ಟರ್ ಇರುವುದಿಲ್ಲ.

ನಾವು ಯಾವ ನಿಯಮಗಳ ಪ್ರಕಾರ ಆಡುತ್ತೇವೆ?

ವಿಶ್ವ ಬ್ರಿಜ್ ಫೆಡರೇಷನ್ ಹೊರತಂದಿರುವ ಡೂಪ್ಲಿಕೇಟ್ ಬ್ರಿಜ್ ನಿಯಮಾವಳಿಯ 2017ರ ಆವೃತ್ತಿಯ ಪ್ರಕಾರ. ಅದರಲ್ಲಿ 93 ನಿಯಮಗಳಿವೆ. ಅದಕ್ಕೆ ಹಿಂದಿನ ಆವೃತ್ತಿಗಳು 1997 ಮತ್ತು 2007ರವು. ಹಳೆಯ ಆಟಗಾರರು ‘ಮೊದಲು ಹೀಗಿರಲಿಲ್ಲ’ ಎಂದು ವಾದಿಸುವಾಗ ಎಷ್ಟೋ ಸಲ ಅವರು ಹೇಳುವುದು ನಿಜವೇ ಆಗಿರುತ್ತದೆ. ನಿಯಮ ಬದಲಾಗಿರುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ ಆಟದ ಹೊಣೆ ಹೊತ್ತಿರುವುದು ಬ್ರಿಜ್ ಫೆಡರೇಷನ್ ಆಫ್ ಇಂಡಿಯಾ. ನಿಯಮಾವಳಿಯು ಕ್ಲಬ್‌ಗೆ ಬಿಟ್ಟುಕೊಟ್ಟಿರುವ ಕೆಲವು ವಿಷಯಗಳಿವೆ: ಮೇಲ್ಮನವಿಯ ವ್ಯವಸ್ಥೆ, ಅಂಕ ತಿದ್ದುಪಡಿಯ ಗಡುವು ಮುಂತಾದವು. ಇವನ್ನು ಆಟ ಶುರುವಾಗುವ ಮೊದಲೇ ತಿಳಿಸಬೇಕು. ಜಗಳ ಎದ್ದ ಮೇಲೆ ಹೊಸ ನಿಯಮ ಹುಟ್ಟಿಸುವುದು ನ್ಯಾಯವಲ್ಲ.

ಡೈರೆಕ್ಟರನ್ನು ಕರೆದರೆ ಎದುರಾಳಿಯ ಮೇಲೆ ದೂರು ಕೊಟ್ಟಂತಾಗುವುದಿಲ್ಲವೇ?

ಇಲ್ಲ. ಈ ಒಂದು ತಪ್ಪು ಕಲ್ಪನೆ ಹೋದರೆ ಕ್ಲಬ್‌ನ ಮುಕ್ಕಾಲು ಪಾಲು ಮನಸ್ತಾಪ ಹೋಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಮೇಜಿನಲ್ಲಿ ಏನೋ ತಪ್ಪು ನಡೆದಿದೆ ಎಂದು ಯಾರಾದರೂ ಹೇಳಿದ ಕೂಡಲೇ ಡೈರೆಕ್ಟರನ್ನು ಕರೆಯಬೇಕು ಎನ್ನುವುದೇ ನಿಯಮ. ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಅಳೆಯಲು ಡೈರೆಕ್ಟರ್ ಬರುವುದಿಲ್ಲ. ಆಟ ಹಳಿ ತಪ್ಪಿದಾಗ ಯಾರಿಗೂ ಅನ್ಯಾಯವಾಗದಂತೆ ಅದನ್ನು ಮುಂದುವರಿಸುವುದು ಅವರ ಕೆಲಸ. ತೀರ್ಪು ನಿಮ್ಮ ವಿರುದ್ಧ ಬಂದರೂ ನೀವು ಮೋಸ ಮಾಡಿದಿರಿ ಎಂದು ಅದರ ಅರ್ಥವಲ್ಲ.

ಕರೆಯುವ ರೀತಿ ಮಾತ್ರ ಮುಖ್ಯ. ಕೈ ಎತ್ತಿ ‘ಡೈರೆಕ್ಟರ್, ದಯವಿಟ್ಟು’ ಎಂದರೆ ಸಾಕು. ಎದುರಾಳಿಯತ್ತ ಬೆರಳು ತೋರಿಸಿ, ಇಡೀ ಹಾಲ್‌ಗೆ ಕೇಳುವಂತೆ ಕೂಗುವುದು ನಿಯಮಾವಳಿಯ ದೃಷ್ಟಿಯಲ್ಲೇ ಅಸಭ್ಯ ನಡತೆ.

ಡಮ್ಮಿ ಕರೆಯಬಹುದೇ?

ಬೇರೆ ಯಾರಾದರೂ ತಪ್ಪನ್ನು ಎತ್ತಿ ಹೇಳಿದ ಮೇಲೆ ನಾಲ್ವರಲ್ಲಿ ಯಾರು ಬೇಕಾದರೂ ಕರೆಯಬಹುದು, ಡಮ್ಮಿಯೂ (ತಮ್ಮ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರುವವರು) ಕೂಡ. ಆದರೆ ಆಟ ಮುಗಿಯುವ ಮೊದಲು ಡಮ್ಮಿ ತಾನಾಗಿ ತಪ್ಪನ್ನು ಎತ್ತಿ ತೋರಿಸುವಂತಿಲ್ಲ. ತಪ್ಪು ಆಗುವುದಕ್ಕೆ ಮುಂಚೆ ತಡೆಯಲು ಮಾತ್ರ ಅವಕಾಶವಿದೆ. ಡಿಕ್ಲೇರರ್ (ತಮ್ಮ ಮತ್ತು ಡಮ್ಮಿಯ ಎಲೆಗಳನ್ನು ಆಡುವ ಜೊತೆಗಾರರು) ತಪ್ಪು ಕೈಯಿಂದ ಎಲೆ ಆಡಲು ಹೊರಟರೆ ‘ಲೀಡ್ ಇಲ್ಲಿದೆ’ (ಮೊದಲ ಎಲೆ ಈ ಕೈಯಿಂದ) ಎಂದು ಎಚ್ಚರಿಸಬಹುದು.

ನಾವು ನಾಲ್ವರೂ ಸ್ನೇಹಿತರು. ನಾವೇ ಬಗೆಹರಿಸಿಕೊಂಡರೆ ಏನು ತಪ್ಪು?

ಪರಿಹಾರವನ್ನು ಆಟಗಾರರೇ ತೀರ್ಮಾನಿಸುವಂತಿಲ್ಲ. ಈ ನಿಯಮಕ್ಕೆ ಸಕಾರಣವಿದೆ. ತಪ್ಪು ಕೈಯಿಂದ ಮೊದಲ ಲೀಡ್ ಬಂತು ಎಂದುಕೊಳ್ಳಿ. ‘ಪರವಾಗಿಲ್ಲ, ಎಲೆ ವಾಪಸ್ ತೆಗೆದುಕೊಳ್ಳಿ’ ಎಂದು ಡಿಕ್ಲೇರರ್ ಉದಾರವಾಗಿ ಹೇಳುತ್ತಾರೆ. ವಾಸ್ತವದಲ್ಲಿ ಅವರ ಮುಂದೆ ಐದು ಆಯ್ಕೆಗಳಿದ್ದವು: ಲೀಡ್ ಒಪ್ಪಿಕೊಂಡು ತಾವೇ ಆಡುವುದು, ತಮ್ಮ ಕೈ ಬಿಚ್ಚಿಟ್ಟು ಜೊತೆಗಾರರನ್ನು ಡಿಕ್ಲೇರರ್ ಮಾಡುವುದು, ಸರಿಯಾದ ಆಟಗಾರರಿಂದ ಅದೇ ಬಣ್ಣದ (ಸ್ಪೇಡ್, ಹಾರ್ಟ್ ಮುಂತಾದ ಜಾತಿಯ) ಲೀಡ್ ಕೇಳುವುದು, ಆ ಬಣ್ಣ ಬೇಡವೆಂದು ನಿರ್ಬಂಧಿಸುವುದು, ಇಲ್ಲವೇ ಆ ಎಲೆಯನ್ನು ದಂಡದ ಎಲೆಯಾಗಿ ಮೇಜಿನ ಮೇಲೆ ಉಳಿಸಿ ಬೇಕಾದ ಲೀಡ್‌ಗೆ ಬಿಡುವುದು. ಇವುಗಳ ಅರಿವಿಲ್ಲದೆ ತೋರಿದ ಔದಾರ್ಯದಿಂದ ಅವರ ಜೊತೆಗಾರರಿಗೆ ನಷ್ಟ. ಪೇರ್ಸ್ (ಜೋಡಿಗಳ) ಆಟದಲ್ಲಿ ಅದೇ ಬೋರ್ಡನ್ನು (ಅದೇ ಎಲೆ ಹಂಚಿಕೆಯನ್ನು) ಬೇರೆ ಮೇಜುಗಳಲ್ಲಿ ಆಡುವವರಿಗೂ ಅದು ತಟ್ಟುತ್ತದೆ, ಏಕೆಂದರೆ ನಿಮ್ಮ ಅಂಕವನ್ನು ಅವರ ಅಂಕದೊಂದಿಗೇ ಹೋಲಿಸುವುದು. ಜೊತೆಗೆ, ಡೈರೆಕ್ಟರ್ ಬರುವ ಮೊದಲೇ ನೀವು ಮುಂದುವರಿದರೆ ಪರಿಹಾರದ ಹಕ್ಕನ್ನೇ ಕಳೆದುಕೊಳ್ಳಬಹುದು.

ಜೊತೆಗಾರರು ತುಂಬಾ ಹೊತ್ತು ಯೋಚಿಸಿ ಪಾಸ್ ಮಾಡಿದರು. ಯೋಚಿಸುವುದು ತಪ್ಪೇ?

ಖಂಡಿತ ಅಲ್ಲ. ಬ್ರಿಜ್ ಯೋಚಿಸುವವರ ಆಟ. ಯೋಚಿಸಿದವರ ಮೇಲೆ ಆಕ್ಷೇಪವಿಲ್ಲ. ಅವರ ಜೊತೆಗಾರರ ಮೇಲೆ ಒಂದು ಹೊಣೆ ಬೀಳುತ್ತದೆ. ಕ್ಲಬ್‌ನಲ್ಲಿ ಅತಿ ಹೆಚ್ಚು ಬಿಸಿ ಹುಟ್ಟಿಸುವ ವಿಷಯ ಇದಾದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಆಟಗಾರರನ್ನು ಕೂತ ದಿಕ್ಕಿನಿಂದ ಕರೆಯುತ್ತೇವೆ; ಉತ್ತರ-ದಕ್ಷಿಣ ಒಂದು ಜೋಡಿ, ಪೂರ್ವ-ಪಶ್ಚಿಮ ಇನ್ನೊಂದು. ಬಿಡ್ಡಿಂಗ್‌ನಲ್ಲಿ, ಅಂದರೆ ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಪಟ್ಟು) ಗೆಲ್ಲುತ್ತೇವೆಂದು ಹೇಳುವ ಹಂತದಲ್ಲಿ, ಹೀಗಾಯಿತು ಎನ್ನಿ: ದಕ್ಷಿಣ 1 ಸ್ಪೇಡ್, ಪಶ್ಚಿಮ 2 ಹಾರ್ಟ್, ಉತ್ತರ 2 ಸ್ಪೇಡ್, ಪೂರ್ವ 3 ಹಾರ್ಟ್. ಈಗ ದಕ್ಷಿಣ ಬಹಳ ಹೊತ್ತು ಬಿಡ್ಡಿಂಗ್ ಬಾಕ್ಸ್ (ಬಿಡ್ ಕಾರ್ಡುಗಳ ಪೆಟ್ಟಿಗೆ) ನೋಡುತ್ತಾ ಕೂತು ಪಾಸ್ ಹಾಕುತ್ತಾರೆ. ಪಶ್ಚಿಮವೂ ಪಾಸ್. ಉತ್ತರದ ಕೈಯಲ್ಲಿ ಮೂರು ಸ್ಪೇಡ್, ಆರು ಪಾಯಿಂಟ್, ವಿಶೇಷವೇನೂ ಇಲ್ಲ. ಆದರೂ 3 ಸ್ಪೇಡ್ ಹೇಳುತ್ತಾರೆ, ಒಂಬತ್ತು ಟ್ರಿಕ್ ಬರುತ್ತದೆ. ಪೂರ್ವ-ಪಶ್ಚಿಮದವರು ಡೈರೆಕ್ಟರನ್ನು ಕರೆಯುತ್ತಾರೆ.

ದಕ್ಷಿಣದ ಕೈಯಲ್ಲಿ ಪಾಸ್‌ಗಿಂತ ಹೆಚ್ಚಿನದೇನೋ ಇದೆ ಎಂದು ಆ ತಡ ಉತ್ತರಕ್ಕೆ ಸೂಚಿಸಿತು. ಬಿಡ್‌ನಿಂದ ಬರದೆ ಹಾವಭಾವದಿಂದ, ವೇಗದಿಂದ, ದನಿಯಿಂದ ಬಂದ ಇಂಥ ಸುಳಿವನ್ನು ಜೊತೆಗಾರರು ಬಳಸುವಂತಿಲ್ಲ. ಡೈರೆಕ್ಟರ್ ಕೇಳಿಕೊಳ್ಳುವ ಪ್ರಶ್ನೆಗಳು ಹೀಗಿವೆ. ಗಮನಕ್ಕೆ ಬರುವಂಥ ತಡ ಆಯಿತೇ? ಅದು ಯಾವ ಕಡೆಗೆ ಬೆರಳು ತೋರಿಸಿತು? ಉತ್ತರಕ್ಕೆ ಬೇರೆ ಸಮಂಜಸ ಆಯ್ಕೆ ಇತ್ತೇ? ಸಮಂಜಸ ಆಯ್ಕೆ ಎಂದರೆ, ಅದೇ ಮಟ್ಟದ, ಅದೇ ಪದ್ಧತಿಯಲ್ಲಿ ಆಡುವವರಲ್ಲಿ ಗಣನೀಯ ಭಾಗ ಗಂಭೀರವಾಗಿ ಪರಿಗಣಿಸುವ ಮತ್ತು ಕೆಲವರಾದರೂ ಆರಿಸಬಹುದಾದ ನಡೆ. ಇಲ್ಲಿ ಪಾಸ್ ಅಂಥ ಆಯ್ಕೆ. ಹಾಗಾಗಿ 3 ಸ್ಪೇಡ್ ನಿಲ್ಲುವುದಿಲ್ಲ. ಪೂರ್ವ-ಪಶ್ಚಿಮದವರು 3 ಹಾರ್ಟ್ ಆಡಿದ್ದರೆ ಏನಾಗುತ್ತಿತ್ತೋ ಅದೇ ಅಂಕವಾಗುತ್ತದೆ. ಆ ಆಟದಲ್ಲಿ ರಾಣಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂಬ ಊಹೆಯ ಪ್ರಶ್ನೆಯಿದ್ದರೆ ಡೈರೆಕ್ಟರ್ ಪ್ರಮಾಣ ಹಂಚಬಹುದು: ಉದಾಹರಣೆಗೆ 60% ಒಂಬತ್ತು ಟ್ರಿಕ್, 40% ಎಂಟು ಟ್ರಿಕ್.

ಅದೇ ಉತ್ತರದ ಕೈಯಲ್ಲಿ ಐದು ಸ್ಪೇಡ್ ಇದ್ದು, ಹಾರ್ಟ್ ಒಂದೂ ಇರದಿದ್ದರೆ? ಅಂಥ ಕೈಯಲ್ಲಿ ಪಾಸ್ ಮಾಡುವವರು ಸಿಗುವುದಿಲ್ಲ. ದಕ್ಷಿಣ ಎಷ್ಟೇ ಯೋಚಿಸಿರಲಿ, ಫಲಿತಾಂಶ ಹಾಗೆಯೇ ಉಳಿಯುತ್ತದೆ.

ಡೈರೆಕ್ಟರ್ ಇದನ್ನು ತಮ್ಮ ಅಭಿರುಚಿಯಿಂದ ನಿರ್ಧರಿಸಬಾರದು. ಆ ಬೋರ್ಡ್ ಆಡಿ ಮುಗಿಸಿರುವ, ಅದೇ ಮಟ್ಟದ ಕೆಲವರಿಗೆ ಉತ್ತರದ ಕೈ ಮತ್ತು ಬಿಡ್ಡಿಂಗನ್ನು ಮಾತ್ರ ತೋರಿಸಿ, ತಡವಾದ ಸಂಗತಿ ಹೇಳದೆ, ‘ನೀವಾದರೆ ಏನು ಮಾಡುತ್ತೀರಿ?’ ಎಂದು ಕೇಳುವುದು ಒಳ್ಳೆಯ ಕ್ರಮ. ಡೈರೆಕ್ಟರ್ ಬೋರ್ಡ್ ಹಿಡಿದು ಬೇರೆ ಮೇಜಿಗೆ ಹೋದರೆ ನಿಮ್ಮ ಬಗ್ಗೆ ಏನೋ ಪಿಸುಮಾತು ನಡೆಯುತ್ತಿದೆ ಎಂದು ದಯವಿಟ್ಟು ಭಾವಿಸಬೇಡಿ. ಅವರು ನಿಮಗೆ ನ್ಯಾಯ ಸಿಗಲೆಂದು ಶ್ರಮಪಡುತ್ತಿದ್ದಾರೆ.

ತಡವಾದ ಕ್ಷಣದಲ್ಲೇ ಡೈರೆಕ್ಟರನ್ನು ಕರೆಯಬೇಕೇ?

ಶಾಂತವಾಗಿ ‘ಸ್ವಲ್ಪ ತಡವಾಯಿತೆಂದು ಒಪ್ಪುತ್ತೀರಾ?’ ಎಂದು ಕೇಳಿ. ಒಪ್ಪಿದರೆ ಆಟ ಮುಂದುವರಿಸಿ. ನಂತರ ಅನುಮಾನ ಬಂದರೆ ಕರೆಯುವ ಹಕ್ಕು ನಿಮಗಿರುತ್ತದೆ. ಒಪ್ಪದಿದ್ದರೆ ಆಗಲೇ ಕರೆಯಬೇಕು, ಏಕೆಂದರೆ ಅರ್ಧ ಗಂಟೆಯ ಬಳಿಕ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಕೈಯಲ್ಲಿ ಆ ಬಣ್ಣದ ಒಂದೇ ಎಲೆ ಇರುವಾಗ ಆಯ್ಕೆ ಇರುವವರಂತೆ ಯೋಚಿಸುತ್ತಾ ಕೂತು, ಎದುರಾಳಿ ಅದನ್ನು ನಂಬಿ ತಪ್ಪು ಆಡಿದರೆ ಅಂಕ ಬದಲಾಗುತ್ತದೆ. ‘ಬೇರೆ ಏನೋ ಯೋಚಿಸುತ್ತಿದ್ದೆ’ ಎಂಬ ಉತ್ತರವನ್ನು ಡೈರೆಕ್ಟರ್ ಸುಲಭವಾಗಿ ಒಪ್ಪುವುದಿಲ್ಲ.

ಜೊತೆಗಾರರು ನನ್ನ ಬಿಡ್‌ಗೆ ತಪ್ಪು ವಿವರಣೆ ಕೊಟ್ಟರು. ಕೂಡಲೇ ಸರಿಪಡಿಸಬಹುದೇ?

ಬಿಡ್ಡಿಂಗ್ ನಡೆಯುತ್ತಿರುವಾಗ ಕೂಡದು. ಮುಖದಲ್ಲಿ ಆಶ್ಚರ್ಯ ತೋರಿಸುವುದೂ ಕೂಡದು. ನೀವು ಡಿಕ್ಲೇರರ್ ಅಥವಾ ಡಮ್ಮಿ ಆದರೆ ಕೊನೆಯ ಪಾಸ್ ಆದ ಬಳಿಕ, ಮೊದಲ ಲೀಡ್‌ಗೆ ಮುಂಚೆ, ಡೈರೆಕ್ಟರನ್ನು ಕರೆದು ಸರಿಪಡಿಸಬೇಕು. ರಕ್ಷಣೆಯ ಕಡೆಯವರಾದರೆ ಆಟ ಮುಗಿಯುವವರೆಗೂ ಬಾಯಿ ಬಿಡಬಾರದು, ಮುಗಿದ ಕೂಡಲೇ ಹೇಳಬೇಕು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಬಿಡ್‌ನ ಅರ್ಥದ ಬಗ್ಗೆ ನಿಮ್ಮ ಒಪ್ಪಂದ ಒಂದು, ಜೊತೆಗಾರರು ಹೇಳಿದ್ದು ಇನ್ನೊಂದು ಆಗಿದ್ದರೆ ಅದು ತಪ್ಪು ವಿವರಣೆ. ಎದುರಾಳಿಗೆ ನಷ್ಟವಾಗಿದ್ದರೆ ಪರಿಹಾರ ಸಿಗುತ್ತದೆ. ಜೊತೆಗಾರರು ಒಪ್ಪಂದವನ್ನು ಸರಿಯಾಗಿಯೇ ಹೇಳಿ, ನೀವು ಮರೆತು ತಪ್ಪು ಬಿಡ್ ಮಾಡಿದ್ದರೆ ಅದು ಅಪರಾಧವಲ್ಲ. ಎದುರಾಳಿಗೆ ನಿಮ್ಮ ಒಪ್ಪಂದ ತಿಳಿಯುವ ಹಕ್ಕಿದೆ; ನಿಮ್ಮ ಕೈಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕಿಲ್ಲ. ಆದರೆ ಪುರಾವೆ ಇಲ್ಲದಿದ್ದಾಗ ಡೈರೆಕ್ಟರ್ ಅದನ್ನು ತಪ್ಪು ವಿವರಣೆ ಎಂದೇ ಭಾವಿಸಬೇಕು. ಆದ್ದರಿಂದ ಕನ್ವೆನ್ಷನ್ ಕಾರ್ಡ್ (ನಿಮ್ಮ ಬಿಡ್ ಒಪ್ಪಂದಗಳ ಪಟ್ಟಿ) ತುಂಬಿಸಿ ಮೇಜಿನ ಮೇಲಿಡಿ. ‘ನಾವು ಇಪ್ಪತ್ತು ವರ್ಷದಿಂದ ಹೀಗೇ ಆಡುತ್ತಿದ್ದೇವೆ’ ಎಂಬ ಬಾಯಿಮಾತಿಗಿಂತ ಬರೆದ ಒಂದು ಸಾಲಿಗೆ ಹೆಚ್ಚು ತೂಕ.

ರಿವೋಕ್ ಆದರೆ ಒಂದು ಟ್ರಿಕ್ಕೋ ಎರಡೋ?

ಆಡಬೇಕಾದ ಬಣ್ಣ ಕೈಯಲ್ಲಿದ್ದೂ ಬೇರೆ ಎಲೆ ಹಾಕುವುದೇ ರಿವೋಕ್. ಹಾಗೆ ಹಾಕಿದವರೇ ಆ ಟ್ರಿಕ್ ಗೆದ್ದು, ಆಮೇಲೆ ಅವರ ಜೋಡಿ ಇನ್ನೊಂದಾದರೂ ಗೆದ್ದಿದ್ದರೆ ಎರಡು ಟ್ರಿಕ್ ಎದುರಾಳಿಗೆ ಹೋಗುತ್ತವೆ. ಹಾಗೆ ಹಾಕಿದವರು ಗೆಲ್ಲದೆ, ಅವರ ಜೋಡಿ ಆ ಟ್ರಿಕ್ಕನ್ನೋ ಮುಂದಿನ ಯಾವುದನ್ನೋ ಗೆದ್ದಿದ್ದರೆ ಒಂದು. ತಪ್ಪಾದ ಟ್ರಿಕ್‌ನಿಂದ ಮುಂದಕ್ಕೆ ಅವರು ಒಂದನ್ನೂ ಗೆದ್ದಿರದಿದ್ದರೆ ಏನೂ ಇಲ್ಲ. ರಿವೋಕ್‌ನಿಂದ ಡಮ್ಮಿಯ ಉದ್ದನೆಯ ಬಣ್ಣವೇ ಸತ್ತುಹೋಗಿ ಮೂರು ಟ್ರಿಕ್ ನಷ್ಟವಾಗಿದ್ದರೆ? ಆಗ ಡೈರೆಕ್ಟರ್ ನಷ್ಟವನ್ನು ಪೂರ್ತಿ ತುಂಬಿಕೊಡಬೇಕು. ಅನೇಕರಿಗೆ ಇದು ಗೊತ್ತೇ ಇಲ್ಲ; ಒಂದು ಟ್ರಿಕ್ ಪಡೆದು ಸುಮ್ಮನಾಗುತ್ತಾರೆ.

ತಪ್ಪು ಮಾಡಿದವರ ಕಡೆ ಮುಂದಿನ ಟ್ರಿಕ್‌ಗೆ ಎಲೆ ಹಾಕುವ ಮೊದಲೇ ಗೊತ್ತಾದರೆ ಅದನ್ನು ಸರಿಪಡಿಸಲೇಬೇಕು. ‘ಹಾರ್ಟ್ ಇಲ್ಲವೇ?’ ಎಂದು ಜೊತೆಗಾರರನ್ನು ಕೇಳಲು ಅಡ್ಡಿಯಿಲ್ಲ.

ಬೋರ್ಡ್ ಮುಗಿದ ಮೇಲೆ ಎಷ್ಟು ಟ್ರಿಕ್ ಎಂದು ನಾಲ್ವರೂ ಒಪ್ಪುವವರೆಗೆ ನಿಮ್ಮ ಎಲೆಗಳ ಸಾಲನ್ನು ಕೆಡಿಸಬೇಡಿ. ಎಲೆ ಕಲಸಿದ ಮೇಲೆ ರಿವೋಕ್ ಆಗಿದೆ ಎಂದು ಸಾಧಿಸುವುದು ಕಷ್ಟ, ಆಗಿಲ್ಲ ಎಂದು ಸಾಧಿಸುವುದೂ ಕಷ್ಟ.

ಡಿಕ್ಲೇರರ್ ‘ಉಳಿದದ್ದೆಲ್ಲ ನನ್ನದೇ’ ಎಂದು ಎಲೆ ಇಟ್ಟರು. ನಮಗೆ ಒಪ್ಪಿಗೆಯಿಲ್ಲ. ಮುಂದೆ?

ಆಟ ಅಲ್ಲಿಗೆ ನಿಲ್ಲುತ್ತದೆ, ಡೈರೆಕ್ಟರ್ ಬರುತ್ತಾರೆ. 2017ರ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ: ಎದುರಾಳಿ ಕೋರಿ, ನಾಲ್ವರೂ ಒಪ್ಪಿದರೆ ಆಡಿ ಮುಗಿಸಬಹುದು. ಹಾಗೆ ಆಡಿದರೆ ಬಂದ ಫಲವೇ ಅಂತಿಮ. ನನ್ನ ಸಲಹೆ ಕೇಳಿದರೆ ಡೈರೆಕ್ಟರನ್ನೇ ಕರೆಯಿರಿ. ನಾಲ್ಕೂ ಕೈ ಕಾಣುತ್ತಿರುವಾಗ ಆಡುವುದು ಬ್ರಿಜ್ ಅಲ್ಲ.

ತತ್ವ ಸರಳ. ಎರಡೂ ಕಡೆಗೆ ಆದಷ್ಟು ನ್ಯಾಯ, ಆದರೆ ಸಂದೇಹ ಉಳಿದರೆ ಅದು ಕ್ಲೈಮ್ ಮಾಡಿದವರ (ಉಳಿದ ಟ್ರಿಕ್ ತಮ್ಮದೆಂದವರ) ವಿರುದ್ಧ. ಸ್ಪೇಡ್ ತುರುಪು, ಡಿಕ್ಲೇರರ್ ಕೈಯಲ್ಲಿ ಸ್ಪೇಡ್ ರಾಜ, ಹಾರ್ಟ್ ಎಕ್ಕ, ಹಾರ್ಟ್ ರಾಜ ಉಳಿದಿವೆ. ಎದುರಾಳಿಯೊಬ್ಬರ ಬಳಿ ಸ್ಪೇಡ್ ಏಳು ಇದೆ, ಹಾರ್ಟ್ ಇಲ್ಲ. ‘ತುರುಪು ಎಳೆದು ಉಳಿದದ್ದು ನನ್ನದು’ ಎಂದಿದ್ದರೆ ಮೂರೂ ಅವರವೇ. ಏನೂ ಹೇಳದೆ ಎಲೆ ಇಟ್ಟರೆ, ಆ ಏಳು ಹೊರಗಿರುವುದನ್ನು ಅವರು ಮರೆತಿರುವ ಸಂಭವವಿದ್ದರೆ, ಹಾರ್ಟ್ ಮೊದಲು ಆಡಿ ಒಂದು ಟ್ರಿಕ್ ಕಳೆದುಕೊಂಡಂತೆಯೇ ಡೈರೆಕ್ಟರ್ ಲೆಕ್ಕ ಹಾಕುತ್ತಾರೆ. ಇಲ್ಲಿ ಅಜಾಗರೂಕ ಆಟವನ್ನೂ ಸಹಜ ಆಟವೆಂದೇ ಪರಿಗಣಿಸುತ್ತಾರೆ. ‘ನಾನು ಅಷ್ಟು ದಡ್ಡನೇ?’ ಎಂದು ಸಿಟ್ಟಾಗುವ ಹಿರಿಯರಲ್ಲಿ ನನ್ನ ವಿನಂತಿ: ಕ್ಲೈಮ್ ಮಾಡುವಾಗ ಆಡುವ ಕ್ರಮವನ್ನು ಬಾಯಿಬಿಟ್ಟು ಹೇಳಿ. ಐದು ಸೆಕೆಂಡ್ ಸಾಕು.

ಅವರು ಹೀಗೆ ಎನ್ನುತ್ತಾರೆ, ನಾವು ಹಾಗೆ ಎನ್ನುತ್ತೇವೆ. ಡೈರೆಕ್ಟರ್ ಯಾರನ್ನು ನಂಬಬೇಕು?

ಸಿಕ್ಕ ಸಾಕ್ಷ್ಯದಲ್ಲಿ ಯಾವುದು ಹೆಚ್ಚು ಸಂಭವವೋ ಅದನ್ನು. ಬೋರ್ಡಿನ ಎಲೆಗಳು, ಬಿಡ್ಡಿಂಗ್, ಕನ್ವೆನ್ಷನ್ ಕಾರ್ಡ್, ನಾಲ್ವರ ಮಾತು, ಎಲ್ಲವನ್ನೂ ತೂಗಿ ಅವರು ಒಂದು ನಿರ್ಧಾರಕ್ಕೆ ಬರಲೇಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕದಿದ್ದರೆ ಅರ್ಧ ಕೆಲಸ ಮುಗಿದಂತೆ. ಪಕ್ಕದಲ್ಲಿ ಕೂತು ನೋಡುತ್ತಿದ್ದವರು ಡೈರೆಕ್ಟರ್ ಕೇಳದೆ ಒಂದು ಮಾತೂ ಆಡಬಾರದು.

ತೀರ್ಪು ಒಪ್ಪಿಗೆಯಾಗಲಿಲ್ಲ. ಮೇಲ್ಮನವಿ ಹೇಗೆ?

ಮೊದಲು ತೀರ್ಪನ್ನು ಒಪ್ಪಿ ಆಟ ಮುಂದುವರಿಸಿ. ಮೇಜಿನಲ್ಲಿ ವಾದಿಸಿದರೆ ಏನೂ ಬದಲಾಗುವುದಿಲ್ಲ, ಮುಂದಿನ ಬೋರ್ಡೂ ಹಾಳಾಗುತ್ತದೆ.

ಮೇಲ್ಮನವಿಯನ್ನು ಡೈರೆಕ್ಟರ್ ಮೂಲಕವೇ ಸಲ್ಲಿಸಬೇಕು. ಕಾರ್ಯದರ್ಶಿಯ ಮನೆಗೆ ಫೋನ್ ಮಾಡುವುದು ದಾರಿಯಲ್ಲ. ಜೋಡಿಯ ಇಬ್ಬರೂ ಒಪ್ಪಿರಬೇಕು. ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ ಎಂದರೆ ವಿಚಾರಣೆ ಇಲ್ಲ. ಕ್ಲಬ್ ಬೇರೆ ಗಡುವು ಘೋಷಿಸಿರದಿದ್ದರೆ, ಅಧಿಕೃತ ಅಂಕಪಟ್ಟಿ ನೋಡಲು ಸಿಕ್ಕ 30 ನಿಮಿಷಗಳೊಳಗೆ ಕೇಳಬೇಕು. ರಾತ್ರಿ ತಡವಾಗಿ ಪಟ್ಟಿ ಮೊಬೈಲ್‌ಗೆ ಬರುವ ಕ್ಲಬ್‌ಗಳು ಮರುದಿನದ ಒಂದು ಹೊತ್ತನ್ನು ಗಡುವಾಗಿ ಮೊದಲೇ ಘೋಷಿಸಿಡುವುದು ಒಳ್ಳೆಯದು. ಮನೆಗೆ ಬಸ್ ಹಿಡಿಯುವ ಅವಸರದಲ್ಲಿ ಯಾರ ಹಕ್ಕೂ ಹೋಗಬಾರದು.

ಮೇಲ್ಮನವಿ ಕೇಳುವ ಸಮಿತಿಗೆ ಮೂವರು ಸಾಕು. ಆ ಬೋರ್ಡಿನ ಫಲಿತಾಂಶದಿಂದ ಲಾಭ-ನಷ್ಟ ಇರುವವರು, ಎರಡು ಕಡೆಯಲ್ಲಿ ಒಬ್ಬರ ನಿತ್ಯದ ಜೊತೆಗಾರರು, ಮನೆಯವರು ಅದರಲ್ಲಿ ಇರಬಾರದು. ಚಿಕ್ಕ ಕ್ಲಬ್‌ನಲ್ಲಿ ಇದು ಕಷ್ಟವೆಂದು ಬಲ್ಲೆ. ಆದರೂ ರಾಜಿ ಬೇಡ. ಡೈರೆಕ್ಟರ್ ನಡೆದದ್ದನ್ನೂ ತೀರ್ಪಿನ ಕಾರಣವನ್ನೂ ಹೇಳುತ್ತಾರೆ, ಎರಡೂ ಕಡೆಯವರು ತಮ್ಮ ಮಾತು ಹೇಳುತ್ತಾರೆ, ನಂತರ ಸಮಿತಿ ಒಂಟಿಯಾಗಿ ಚರ್ಚಿಸುತ್ತದೆ. ತೀರ್ಪಿನ ಕಾರಣವನ್ನು ಎರಡು ಸಾಲಿನಲ್ಲಾದರೂ ಬರೆದಿಡಬೇಕು ಎಂಬುದು ನನ್ನ ಒತ್ತಾಯ.

ಸಮಿತಿ ಏನನ್ನು ಬೇಕಾದರೂ ಬದಲಿಸಬಹುದೇ?

ಇಲ್ಲ. ನಿಯಮ ಏನು ಹೇಳುತ್ತದೆ ಎಂಬುದರಲ್ಲಿ, ಶಿಸ್ತಿನ ಕ್ರಮದಲ್ಲಿ ಅದು ಮುಖ್ಯ ಡೈರೆಕ್ಟರ್‌ನ ಮಾತನ್ನು ತಳ್ಳಿಹಾಕುವಂತಿಲ್ಲ. ಮರುಪರಿಶೀಲಿಸಿ ಎಂದು ಶಿಫಾರಸು ಮಾಡಬಹುದು, ಅಷ್ಟೇ. ರಿವೋಕ್‌ಗೆ ಎಷ್ಟು ಟ್ರಿಕ್ ಎಂಬುದು ಸಮಿತಿಯ ಮತಕ್ಕೆ ಬಿಟ್ಟದ್ದಲ್ಲ. ತಡವಾಯಿತೇ, ಪಾಸ್ ಸಮಂಜಸವಾಗಿತ್ತೇ, 60-40 ಸರಿಯೇ ಎಂಬಂಥ ವಿವೇಚನೆಯ ವಿಷಯಗಳಲ್ಲಿ ಸಮಿತಿಗೆ ಪೂರ್ಣ ಅಧಿಕಾರವಿದೆ.

ನಮ್ಮಲ್ಲಿ ಸಮಿತಿಯೇ ಇಲ್ಲ. ಡೈರೆಕ್ಟರ್ ಕೂಡ ಆಡುತ್ತಿರುತ್ತಾರೆ.

ಬಹುತೇಕ ಸಣ್ಣ ಕ್ಲಬ್‌ಗಳ ಸ್ಥಿತಿ ಇದೇ. ಸಮಿತಿ ಇಲ್ಲದಿದ್ದರೆ ಮುಖ್ಯ ಡೈರೆಕ್ಟರೇ ಮೇಲ್ಮನವಿ ಕೇಳುತ್ತಾರೆ ಎನ್ನುತ್ತದೆ ನಿಯಮ. ತಮ್ಮದೇ ತೀರ್ಪನ್ನು ತಾವೇ ಪರಿಶೀಲಿಸುವುದು ಯಾರಿಗೂ ಸುಲಭವಲ್ಲ. ಹಾಗಾಗಿ ಬೇರೆ ಊರಿನ ಅನುಭವಿ ಡೈರೆಕ್ಟರೊಬ್ಬರಿಗೆ ಆಟಗಾರರ ಹೆಸರು ಹೇಳದೆ ಬೋರ್ಡಿನ ಚಿತ್ರ ಕಳುಹಿಸಿ ಅಭಿಪ್ರಾಯ ಕೇಳುವುದು ಉತ್ತಮ. ಡೈರೆಕ್ಟರ್ ಆಡುತ್ತಿರುವ ಮೇಜಿನಲ್ಲೇ ವಿವಾದ ಬಂದರೆ ತೀರ್ಪನ್ನು ಬೇರೊಬ್ಬರಿಗೆ ಬಿಡಬೇಕು. ಆ ಬೇರೊಬ್ಬರು ಯಾರೆಂದು ಆಟದ ಮೊದಲೇ ಗೊತ್ತಿರಲಿ.

ಡೈರೆಕ್ಟರೇ ತಪ್ಪು ತೀರ್ಪು ಕೊಟ್ಟಿದ್ದರೆ?

ಹೇಳಿ, ನಿಯಮ ಪುಸ್ತಕ ತೆಗೆಸಿ. ತಪ್ಪು ತೀರ್ಪಿನ ಮೇಲೆ ಬೋರ್ಡ್ ಆಡಿ ಮುಗಿದಿದ್ದು, ಸಹಜವಾಗಿ ಅಂಕ ಕೊಡಲು ಆಗದಿದ್ದರೆ ಎರಡೂ ಕಡೆಯವರನ್ನು ತಪ್ಪಿಲ್ಲದವರೆಂದೇ ಪರಿಗಣಿಸಿ ಅಂಕ ಹೊಂದಿಸಬೇಕು. ಬೋರ್ಡಿನಿಂದ ಫಲವೇ ತೆಗೆಯಲಾಗದಾಗ ಸಾಮಾನ್ಯವಾಗಿ ಕೊಡುವ ಕೃತಕ ಅಂಕ: ತಪ್ಪಿಲ್ಲದವರಿಗೆ 60%, ಭಾಗಶಃ ಹೊಣೆಯಾದವರಿಗೆ 50%, ನೇರ ಹೊಣೆಯಾದವರಿಗೆ 40%. ಡೈರೆಕ್ಟರ್ ತಪ್ಪಿದಾಗ ಎರಡೂ ಜೋಡಿಗೆ 60% ಬರಬಹುದು. ಅದರಲ್ಲಿ ಲೆಕ್ಕದ ಗೊಂದಲವೇನೂ ಇಲ್ಲ.

ಎದುರಾಳಿಗಳು ಸನ್ನೆ ಮಾಡಿಕೊಳ್ಳುತ್ತಾರೆಂಬ ಅನುಮಾನವಿದೆ.

ಮೇಜಿನಲ್ಲಿ ಹೇಳಬೇಡಿ, ಚಹಾ ಕುಡಿಯುತ್ತಾ ಹರಡಬೇಡಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಬೋರ್ಡ್ ಸಂಖ್ಯೆ, ದಿನಾಂಕ, ಕಂಡದ್ದೇನು ಎಂದು ಬರೆದು ಡೈರೆಕ್ಟರಿಗೆ ಅಥವಾ ಅಧ್ಯಕ್ಷರಿಗೆ ಗುಟ್ಟಾಗಿ ಕೊಡಿ.

ಇದರಲ್ಲಿ ಇಷ್ಟು ಕಟ್ಟುನಿಟ್ಟು ಏಕೆಂದರೆ ಇಂಥ ಆರೋಪವನ್ನು ಸಾಬೀತು ಮಾಡುವುದು ದೊಡ್ಡವರಿಗೇ ಕಷ್ಟವಾಗಿದೆ. 1965ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್‌ನ ರೀಸ್ ಮತ್ತು ಶಪಿರೋ ಬೆರಳಿನ ಸನ್ನೆ ಮಾಡಿದರೆಂಬ ಆರೋಪ ಬಂತು. ವಿಶ್ವ ಫೆಡರೇಷನ್ ಅವರನ್ನು ತಪ್ಪಿತಸ್ಥರೆಂದಿತು. ಬ್ರಿಟನ್‌ನಲ್ಲಿ ನಡೆದ ದೀರ್ಘ ವಿಚಾರಣೆ ನಿರ್ದೋಷಿಗಳೆಂದಿತು. 2015ರಲ್ಲಿ ನಾರ್ವೆಯ ಬೋಯೆ ಬ್ರೋಗೆಲಾಂಡ್ ಎತ್ತಿದ ಪ್ರಶ್ನೆಗಳ ನಂತರ ಆಟದ ವಿಡಿಯೊಗಳನ್ನು ಜನ ಕೂಲಂಕಷವಾಗಿ ನೋಡಿದರು, ಹಲವು ಪ್ರಸಿದ್ಧ ಜೋಡಿಗಳ ಮೇಲೆ ಆರೋಪ ಬಂತು. ಅವರಲ್ಲಿ ಫಾಂಟೋನಿ–ನೂನೆಸ್ ಜೋಡಿಗೆ ಯುರೋಪಿನ ಸಂಸ್ಥೆ ಹಾಕಿದ್ದ ನಿಷೇಧವನ್ನು ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2018ರಲ್ಲಿ ರದ್ದು ಮಾಡಿತು. ವಿಡಿಯೊ, ತಜ್ಞರು, ವಕೀಲರು ಎಲ್ಲ ಇದ್ದಲ್ಲೇ ಹೀಗಾದರೆ, ಸಂಜೆಯ ಒಂದೇ ಬೋರ್ಡ್ ನೋಡಿ ನೆರೆಯವರ ಮಾನ ಕಳೆಯಲು ನಮಗೆ ಯಾವ ಅಧಿಕಾರವಿದೆ?

ಜೊತೆಗಾರರ ಮೇಲೆ ಕೂಗಾಡುವವರ ವಿಷಯದಲ್ಲಿ ಏನಾದರೂ ಮಾಡಬಹುದೇ?

ಮಾಡಬಹುದು, ಮಾಡಲೇಬೇಕು. ಸೌಜನ್ಯವೂ ನಿಯಮವೇ. ಬೈಯುವುದು ಸ್ವಂತ ಜೊತೆಗಾರರನ್ನೇ ಆದರೂ, ಗಂಡ ಹೆಂಡತಿಯನ್ನೇ ಆದರೂ, ಮೇಜಿನಲ್ಲಿರುವ ಉಳಿದಿಬ್ಬರು ಡೈರೆಕ್ಟರನ್ನು ಕರೆಯಬಹುದು. ಶಿಸ್ತಿಗಾಗಿ ಅಂಕ ಕಡಿತ ಮಾಡುವ, ಆ ದಿನದ ಆಟದಿಂದ ಹೊರಗಿಡುವ ಅಧಿಕಾರ ಡೈರೆಕ್ಟರಿಗಿದೆ. ಹೊಸಬರು ಎರಡನೆಯ ವಾರ ಬರುವುದನ್ನು ನಿಲ್ಲಿಸಿದಾಗ ನಿಯಮಗಳು ಕಷ್ಟವೆಂದು ಬಿಟ್ಟರು ಎನ್ನುತ್ತೇವೆ. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಹೇಳಿದ ಕಾರಣ ಈ ಕೂಗಾಟ, ನಿಯಮಗಳಲ್ಲ.

ಅಂಕ ತಪ್ಪಾಗಿ ನಮೂದಾಗಿದೆ. ಇದಕ್ಕೂ ಮೇಲ್ಮನವಿ ಬೇಕೇ?

ಬೇಡ. ನಾಲ್ಕು ಸ್ಪೇಡ್ ಬದಲು ನಾಲ್ಕು ಹಾರ್ಟ್ ಎಂದು ಒತ್ತಿದ್ದರೆ, ಉತ್ತರ-ದಕ್ಷಿಣದ ಅಂಕ ಪೂರ್ವ-ಪಶ್ಚಿಮಕ್ಕೆ ಹೋಗಿದ್ದರೆ ತಿದ್ದುಪಡಿಯ ಗಡುವಿನೊಳಗೆ ಡೈರೆಕ್ಟರಿಗೆ ತಿಳಿಸಿ. ಕ್ಲಬ್ ಬೇರೆ ಹೇಳಿರದಿದ್ದರೆ ಅದೂ 30 ನಿಮಿಷವೇ. ಎಷ್ಟು ಟ್ರಿಕ್ ಎಂಬ ಭಿನ್ನಾಭಿಪ್ರಾಯ ಮಾತ್ರ ಬೇರೆ ವಿಷಯ: ಅದನ್ನು ಆ ಸುತ್ತು ಮುಗಿಯುವ ಮೊದಲೇ ಹೇಳದಿದ್ದರೆ ನಿಮ್ಮ ಅಂಕ ಏರುವ ಭರವಸೆ ಇಲ್ಲ. ಎದುರಾಳಿಗಳ ಹೆಸರು ಮತ್ತು ಬೋರ್ಡ್ ಸಂಖ್ಯೆಯನ್ನು ನಿಮ್ಮ ಸ್ಕೋರ್ ಕಾರ್ಡಿನಲ್ಲಿ ಗುರುತು ಹಾಕಿಕೊಂಡಿದ್ದರೆ ತಿದ್ದುಪಡಿ ಒಂದು ನಿಮಿಷದ ಕೆಲಸ.